ಮಾತು ಬಾರದವರ ಬೆಂಚಿನಲ್ಲಿ: ಪ್ರಶಿಕ್ಷಣಾರ್ಥಿಗಳಿಗೊಂದು ತಗಾಲೊಗ್ ಸಂಭಾಷಣಾ ಪಾಠ

ಹಿನ್ನೆಲೆ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೊರಡುವ ನಮ್ಮ ಪ್ರಶಿಕ್ಷಣಾರ್ಥಿಗಳು ಪಾಠಯೋಜನೆಯ ಮೇಲ್ಭಾಗದಲ್ಲಿ ‘ಮಾತೃಭಾಷೆ: ಕನ್ನಡ’ ಎಂದು ಬರೆದುಕೊಂಡಿರುತ್ತಾರೆ. ತರಗತಿಯೊಳಗಿನ ಸ್ಥಿತಿ ಬೇರೆ. ಎನ್.ಆರ್. ಪುರದ ಕಡೆ ಮನೆಯಲ್ಲಿ ಮಲಯಾಳಂ ಆಡುವ ಮಕ್ಕಳಿದ್ದಾರೆ. ಕೊಪ್ಪ, ಶೃಂಗೇರಿಯ ಕಡೆ ತುಳು, ಕೊಂಕಣಿ, ಉರ್ದು ಮನೆಮಾತಿನವರಿದ್ದಾರೆ. ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂನಿಂದ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ. ಇವರಲ್ಲಿ ಹಲವರಿಗೆ ಕನ್ನಡ ಶಾಲೆಯಲ್ಲಿ ಕಲಿಯಬೇಕಾದ ಎರಡನೆಯ ಭಾಷೆ.

ಅವಲೋಕನ ಪುಸ್ತಕಗಳನ್ನು ತಿದ್ದುವಾಗ ಇಂಥ ಮಕ್ಕಳ ಹೆಸರಿನ ಮುಂದೆ ನನಗೆ ಮತ್ತೆ ಮತ್ತೆ ಸಿಗುತ್ತಿದ್ದ ಮಾತುಗಳು ಮೂರು: ‘ಮಾತನಾಡುವುದಿಲ್ಲ’, ‘ಗಮನ ಕೊಡುವುದಿಲ್ಲ’, ‘ನಿಧಾನ ಕಲಿಕೆ’. ಮೊದಲನೆಯದು ಕಣ್ಣಿಗೆ ಕಂಡದ್ದು. ಎರಡನೆಯದು ಊಹೆ. ಮೂರನೆಯದು ತೀರ್ಪು. ಜೂನ್ ತಿಂಗಳಲ್ಲಿ ಬರೆದ ಈ ತೀರ್ಪು ಒಂದು ಪುಸ್ತಕದಿಂದ ಇನ್ನೊಂದಕ್ಕೆ ದಾಟಿ ಮಗುವಿನ ಜೊತೆಯಲ್ಲೇ ಮೇಲಿನ ತರಗತಿಗೆ ಹೋಗುತ್ತದೆ. ಆದ್ದರಿಂದ, ಭಾಷೆ ತಿಳಿಯದ ಮಗುವಿನ ಮೌನ ಎಂಥದ್ದೆಂಬುದನ್ನು ಉಪನ್ಯಾಸದಲ್ಲಿ ಹೇಳುವ ಬದಲು ಪ್ರಶಿಕ್ಷಣಾರ್ಥಿಗಳಿಗೇ ಅನುಭವಕ್ಕೆ ತರಬೇಕೆಂದು ನಲವತ್ತು ನಿಮಿಷದ ಒಂದು ಪಾಠವನ್ನು ಯೋಜಿಸಿದೆ.

ತಗಾಲೊಗ್ ಏಕೆ?

ತರಗತಿಯಲ್ಲಿ ಯಾರಿಗೂ ಒಂದಕ್ಷರ ತಿಳಿಯದ ಭಾಷೆ ಬೇಕಿತ್ತು. ತಮಿಳು, ಹಿಂದಿಗಳಲ್ಲಿ ಅರ್ಧ ಊಹಿಸಿಬಿಡುತ್ತಾರೆ. ನನ್ನ ಅಕ್ಕ ಕೊಲ್ಲಿ ದೇಶವೊಂದರಲ್ಲಿ ನರ್ಸ್. ಅವಳ ಜೊತೆ ಕೆಲಸ ಮಾಡುವವರಲ್ಲಿ ಫಿಲಿಪ್ಪೀನ್ಸ್‌ನವರು ಬಹಳ. ದಿನಬಳಕೆಯ ಮಾತುಗಳನ್ನು ಅವಳಿಂದ ಕಲಿತೆ, ಉಚ್ಚಾರಣೆಯನ್ನು ಅವಳ ಸಹೋದ್ಯೋಗಿಗಳಿಂದ ಫೋನಿನಲ್ಲಿ ಕೇಳಿ ತಿದ್ದಿಕೊಂಡೆ.

ನೂರಕ್ಕೂ ಹೆಚ್ಚು ಭಾಷೆಗಳಿರುವ ಆ ದೇಶದಲ್ಲಿ 1937ರಲ್ಲಿ ತಗಾಲೊಗನ್ನು ರಾಷ್ಟ್ರಭಾಷೆಗೆ ಆಧಾರವೆಂದು ಘೋಷಿಸಲಾಯಿತು. 1987ರ ಸಂವಿಧಾನ ರಾಷ್ಟ್ರಭಾಷೆಯನ್ನು ಫಿಲಿಪಿನೊ ಎಂದು ಕರೆಯಿತು. ಆರಂಭದ ತರಗತಿಗಳಲ್ಲಿ ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕೆಂದು 2013ರಲ್ಲಿ ಕಾಯ್ದೆ ಬಂತು. 2024ರ ಇನ್ನೊಂದು ಕಾಯ್ದೆ ಆ ಕಡ್ಡಾಯವನ್ನು ತೆಗೆಯಿತು. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಬೋಧನೆ ಎನ್ನುತ್ತದೆ. ನಮ್ಮ ಪ್ರಶ್ನೆ ಅವರದೂ ಹೌದು.

ಆಯ್ದುಕೊಂಡ ಮಾತುಗಳು

ಒಂದೊಂದು ಮಾತೂ ಏನಾದರೊಂದು ಕೆಲಸ ಮಾಡಿಕೊಡುವಂಥದ್ದಾಗಿರಬೇಕೆಂಬುದು ಆಯ್ಕೆಯ ನಿಯಮ. ಬಣ್ಣಗಳ ಹೆಸರು, ವಾರಗಳ ಹೆಸರು ಬೇಡವೆಂದು ಬಿಟ್ಟೆ.

ತುಮಾಯೊ ಕಯೋ – ಎದ್ದು ನಿಲ್ಲಿ
ಉಮುಪೊ ಕಯೋ – ಕುಳಿತುಕೊಳ್ಳಿ
ಮಗಂದಙ್ ಉಮಾಗ ಪೋ – ಶುಭೋದಯ
ಆನೊ ಅಙ್ ಪಙಾಲನ್ ಮೋ? – ನಿನ್ನ ಹೆಸರೇನು?
ಪಹಿಙೀ ಪೋ ನಙ್ ತೂಬಿಗ್ – ಸ್ವಲ್ಪ ನೀರು ಕೊಡಿ
ಪಾಕಿಉಲಿತ್ ಪೋ – ಇನ್ನೊಮ್ಮೆ ಹೇಳಿ
ಹಿಂದೀ ಕೋ ಪೋ ಅಲಾಮ್ – ನನಗೆ ಗೊತ್ತಿಲ್ಲ
ಕುಮಾಇನ್ ಕ ನ ಬಾ? – ಊಟ ಆಯ್ತಾ?
ಕಾಇನ್ ತಾಯೊ – ಬನ್ನಿ, ಊಟ ಮಾಡುವ
ಸಲಾಮತ್ ಪೋ – ಧನ್ಯವಾದ

ಪಾಠ ನಡೆದ ಬಗೆ

ಮೊದಲ ಹಂತ, ಎಂಟು ನಿಮಿಷ. ಒಳಗೆ ಬಂದವನೇ ತಗಾಲೊಗ್‌ನಲ್ಲಿ ಮಾತು ಶುರುಮಾಡಿದೆ. ಕೈಸನ್ನೆ ಇಲ್ಲ, ಚಿತ್ರವಿಲ್ಲ, ಕನ್ನಡವಂತೂ ಇಲ್ಲ. ‘ಬುಕ್ಸಾನ್ ನಿನ್ಯೊ ಅಙ್ ಲಿಬ್ರೊ’ – ಪುಸ್ತಕ ತೆರೆಯಿರಿ ಎಂದೆ. ಯಾರೂ ತೆರೆಯಲಿಲ್ಲ. ಅದನ್ನೇ ಗಟ್ಟಿಯಾಗಿ ಹೇಳಿದೆ. ಒಬ್ಬರ ಕಡೆ ತಿರುಗಿ ಓದಲು ಹೇಳಿದೆ. ಅವರು ಎದ್ದು ನಿಂತರು, ಹಾಗೆಯೇ ನಿಂತಿದ್ದರು. ಹಿಂದಿನ ಸಾಲಿನವರು ತಲೆ ತಗ್ಗಿಸಿದರು. ಕೆಲವರು ಪಕ್ಕದವರ ಮುಖ ನೋಡಿ ಅವರು ಮಾಡಿದಂತೆಯೇ ಮಾಡಿದರು. ಕೆಲವರು ಕಾರಣವಿಲ್ಲದೆ ನಕ್ಕರು. ಒಬ್ಬರು ಹೊರಗೆ ಹೋಗಲು ಅಪ್ಪಣೆ ಕೇಳಿದರು. ಎಂಟು ನಿಮಿಷದ ಕೊನೆಗೆ ಇಡೀ ತರಗತಿ ‘ಮಾತನಾಡುವುದಿಲ್ಲ, ಗಮನ ಕೊಡುವುದಿಲ್ಲ’ ಎಂಬ ಸಾಲಿಗೆ ಸರಿಯಾಗಿ ಹೊಂದುತ್ತಿತ್ತು.

ಎರಡನೆಯ ಹಂತ, ಹದಿನೈದು ನಿಮಿಷ. ಇಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆ್ಯಶರ್ 1960ರ ದಶಕದಲ್ಲಿ ರೂಪಿಸಿದ, ಆಜ್ಞೆ ಕೇಳಿ ಮೈಯಿಂದ ಮಾಡಿ ತೋರಿಸುವ ವಿಧಾನವನ್ನು ಹಿಡಿದೆ. ‘ತುಮಾಯೊ ಕಯೋ’ ಎನ್ನುತ್ತ ನಾನೇ ಎದ್ದು ನಿಂತೆ. ‘ಉಮುಪೊ ಕಯೋ’ ಎನ್ನುತ್ತ ಕುಳಿತೆ. ಮೂರನೆಯ ಸಲಕ್ಕೆ ಎಲ್ಲರೂ ಏಳುತ್ತ ಕೂರುತ್ತ ಇದ್ದರು. ಬಾಯಿ ಬಿಡಬೇಕೆಂಬ ಒತ್ತಾಯ ಇರಲಿಲ್ಲ. ಆಮೇಲೆ ಚೊಂಬು, ಲೋಟ ತಂದು ಮೇಜಿನ ಮೇಲಿಟ್ಟೆ. ‘ಪಹಿಙೀ ಪೋ ನಙ್ ತೂಬಿಗ್’ ಎಂದವರಿಗೆ ನೀರು. ‘ತೂಬಿಗ್’ ಎಂದಷ್ಟೇ ಹೇಳಿದವರಿಗೂ ನೀರು. ಕೇಳಿದ್ದು ಕೈಗೆ ಸಿಕ್ಕಿದ ಮೇಲೆ ಮಾತು ತಾನಾಗಿ ಸುತ್ತಿತು. ‘ಹಿಂದೀ’ ಎಂದರೆ ‘ಇಲ್ಲ, ಅಲ್ಲ’ ಎಂದು ಗೊತ್ತಾದಾಗ ಎದ್ದ ನಗೆ ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು.

ಮೂರನೆಯ ಹಂತ, ಉಳಿದ ಹೊತ್ತು. ಈಗ ಅವರವರ ಮನೆಭಾಷೆಯಲ್ಲಿ ಮಾತನಾಡಬಹುದೆಂದೆ. ಕಲಿತ ಮಾತುಗಳನ್ನು ತಮ್ಮ ಭಾಷೆಯ ಪಕ್ಕದಲ್ಲಿಟ್ಟು ನೋಡಬೇಕು. ಪಾಠದ ಮುಖ್ಯ ಭಾಗ ಇದೇ ಆಯಿತು.

‘ಕಾ’ ಎಂದರೆ ನೀನು, ‘ಕಯೋ’ ಎಂದರೆ ನೀವು. ಹಿರಿಯರೊಬ್ಬರಿಗೂ ಕನ್ನಡದಂತೆಯೇ ಬಹುವಚನ. ಅದರ ಮೇಲೆ ‘ಪೋ’ ಎಂಬ ಮರ್ಯಾದೆಯ ತುಣುಕು ಬೇರೆ. ಅದನ್ನು ಬಿಟ್ಟರೆ ವಾಕ್ಯ ಕೆಡುವುದಿಲ್ಲ, ಮರ್ಯಾದೆ ಕೆಡುತ್ತದೆ. ಇದು ನಮ್ಮ ‘ಮಾರಾಯ್ರೆ’ಯೇ ಎಂದು ಒಬ್ಬರು ಕೇಳಿದರು. ‘ಮಾರಾಯ್ರೆ’ಯಲ್ಲಿ ಸಲಿಗೆಯೂ ಇದೆ, ‘ಪೋ’ದಲ್ಲಿರುವುದು ಗೌರವ ಮಾತ್ರ ಎಂದು ಇನ್ನೊಬ್ಬರು ಚರ್ಚೆಯಲ್ಲಿ ಬೇರ್ಪಡಿಸಿದರು. ‘ಕುಮಾಇನ್ ಕ ನ ಬಾ’ದ ಕೊನೆಯ ‘ಬಾ’ ಪ್ರಶ್ನೆಯ ಗುರುತು. ‘ಆಯ್ತಾ’ದ ಕೊನೆಯ ‘ಆ’ ಮಾಡುವ ಕೆಲಸವನ್ನೇ ಮಾಡುತ್ತದೆ. ಊಟ ಆಯ್ತಾ ಎಂದು ಕೇಳಿ ಮಾತು ತೆಗೆಯುವ ರೂಢಿ ಅಲ್ಲಿಯೂ ಇದೆ ಎಂದಾಗ ಭಾಷೆ ಒಮ್ಮೆಗೇ ಹತ್ತಿರವಾಯಿತು. ‘ಗುರೊ’ ಎಂದರೆ ಶಿಕ್ಷಕ, ‘ಮುಖಾ’ ಎಂದರೆ ಮುಖ, ‘ಆಸಾ’ ಎಂದರೆ ಭರವಸೆ. ಸಂಸ್ಕೃತ ಮೂಲದ ಈ ಪದಗಳನ್ನು ಯಾರೂ ಕಲಿಸಬೇಕಾಗಲಿಲ್ಲ.

ಬಳಿಕ ‘ನಾವು’ ಬಂತು. ತಗಾಲೊಗ್‌ನಲ್ಲಿ ‘ನಾವು’ ಎರಡು. ಕೇಳುವವರನ್ನೂ ಸೇರಿಸಿಕೊಂಡರೆ ‘ತಾಯೊ’, ಬಿಟ್ಟು ಹೇಳಿದರೆ ‘ಕಮೀ’. ‘ಆಅಲಿಸ್ ನ ತಾಯೊ’ ಎಂದರೆ ನೀವೂ ಸೇರಿ ಹೊರಡೋಣ. ‘ಆಅಲಿಸ್ ನ ಕಮೀ’ ಎಂದರೆ ನಾವು ಹೊರಟೆವು, ನೀವಲ್ಲ. ಮನೆಯಲ್ಲಿ ಕನ್ನಡವನ್ನಷ್ಟೇ ಆಡುವವರು ಇಲ್ಲಿ ಎಡವಿದರು. ತುಳು ಮನೆಮಾತಿನ ಪ್ರಶಿಕ್ಷಣಾರ್ಥಿಯೊಬ್ಬರು ಕೂಡಲೇ ‘ಎಂಕುಲು, ನಮ’ ಎಂದರು. ಮಲಯಾಳಂ ಮನೆಯವರು ‘ಞಙ್ಙಳ್, ನಮ್ಮಳ್’ ಎಂದರು. ಅದುವರೆಗೆ ಹಿಂದಿನ ಬೆಂಚಿನಲ್ಲಿ ಸುಮ್ಮನಿದ್ದ ಇಬ್ಬರು ಎದ್ದು ಬಂದು ಮುಂದಿನವರಿಗೆ ವಿವರಿಸತೊಡಗಿದರು.

‘ಪಙಾಲನ್’ ಎಂಬಲ್ಲಿಯ ಉಚ್ಚಾರಣೆಯೂ ಹಾಗೆಯೇ. ಙ, ಞ ಅಕ್ಷರಗಳನ್ನು ನಾವು ವರ್ಣಮಾಲೆಯಲ್ಲಿ ಕಲಿಸುತ್ತೇವೆ, ಆದರೆ ಪಟದಲ್ಲಿ ಅವುಗಳ ಮುಂದೆ ಬರೆಯಲು ಪದ ಸಿಗುವುದಿಲ್ಲ. ತಗಾಲೊಗ್‌ನಲ್ಲಿ ಙಕಾರದಿಂದಲೇ ಶುರುವಾಗುವ ಪದಗಳಿವೆ: ‘ಙಯೋನ್’ ಎಂದರೆ ಈಗ, ‘ಙಿತೀ’ ಎಂದರೆ ಮುಗುಳ್ನಗೆ. ಮಲಯಾಳಂ ‘ಞಙ್ಙಳ್’ ಎಂಬ ಒಂದೇ ಪದದಲ್ಲಿ ಆ ಎರಡೂ ಅಕ್ಷರಗಳಿವೆ.

ಪ್ರಶಿಕ್ಷಣಾರ್ಥಿಗಳ ಬರಹದಿಂದ

ಪಾಠದ ನಂತರ ಎಲ್ಲರೂ ದಿನಚರಿಯಲ್ಲಿ ಒಂದು ಪುಟ ಬರೆದರು. ಹೆಚ್ಚಿನವರು ಹೇಳಿದ ವಿಷಯಗಳು ಮೂರು. ಒಂದು, ಮೊದಲ ಹಂತದಲ್ಲಿ ಗಮನ ಕೊಡದೆ ಇದ್ದದ್ದಲ್ಲ; ಗಮನ ಕೊಟ್ಟು ಕೊಟ್ಟು ದಣಿವಾಗಿತ್ತು. ಎರಡು, ಅರ್ಥವಾದ ಎಷ್ಟೋ ಹೊತ್ತಿನ ಮೇಲೆ ಬಾಯಿಗೆ ಮಾತು ಬಂತು. ನಡುವಿನ ಆ ಹೊತ್ತಿನಲ್ಲಿ ಹೆಸರು ಹಿಡಿದು ಕರೆದಿದ್ದರೆ ಇದ್ದದ್ದೂ ಮರೆಯುತ್ತಿತ್ತು. ಮೂರು, ಮನೆಭಾಷೆಗೆ ಅಪ್ಪಣೆ ಸಿಕ್ಕ ಮೇಲೆ ಕಲಿಕೆ ವೇಗವಾಯಿತು.

ಶಾಲೆಗೆ ಒಯ್ದದ್ದು

ಮುಂದಿನ ಬೋಧನಾಭ್ಯಾಸದಲ್ಲಿ ಕೊಪ್ಪ ತಾಲ್ಲೂಕಿನ ತೋಟದ ಬದಿಯ ಶಾಲೆಯೊಂದರಲ್ಲಿ ಎರಡನೆಯ ತರಗತಿಯ ಪಾಠವನ್ನು ಮೇಲ್ವಿಚಾರಕನಾಗಿ ಹಿಂದೆ ಕುಳಿತು ನೋಡುತ್ತಿದ್ದೆ. ಅಸ್ಸಾಮಿನಿಂದ ಬಂದ ಕುಟುಂಬದ ಹುಡುಗಿಯೊಬ್ಬಳು ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಅಂದು ಎದ್ದು, ‘ಮಿಸ್, ನೀರು ತಿಂತೀನಿ’ ಎಂದಳು. ತರಗತಿ ಗೊಳ್ಳೆಂದು ನಕ್ಕಿತು. ಪ್ರಶಿಕ್ಷಣಾರ್ಥಿ ನಗಲಿಲ್ಲ, ‘ತಪ್ಪು’ ಎನ್ನಲೂ ಇಲ್ಲ. ‘ನೀರು ಕುಡೀತೀಯಾ? ಬಾ, ಕುಡಿ’ ಎಂದು ಲೋಟ ಕೊಟ್ಟು, ‘ನಿಮ್ಮನೇಲಿ ಇದಕ್ಕೆ ಏನಂತೀರಿ?’ ಎಂದು ಕೇಳಿದರು. ಹುಡುಗಿ ಮೆಲ್ಲಗೆ ‘ಪಾನಿ ಖಾಮ್’ ಎಂದಳು. ಅಸ್ಸಾಮಿಯಲ್ಲಿ ತಿನ್ನುವುದಕ್ಕೂ ಕುಡಿಯುವುದಕ್ಕೂ ಒಂದೇ ಕ್ರಿಯಾಪದ. ಅವಳು ಆಡಿದ್ದು ಅಡ್ಡಾದಿಡ್ಡಿ ಮಾತಲ್ಲ, ತನ್ನ ಭಾಷೆಯ ನಿಯಮವನ್ನು ಕನ್ನಡಕ್ಕೆ ಹೊಂದಿಸಿ ಕಟ್ಟಿದ ವಾಕ್ಯ. ಉಳಿದ ಮಕ್ಕಳಿಗೆಲ್ಲ ‘ಪಾನಿ ಖಾಮ್’ ಹೇಳಿಸಿದರು. ಅವರ ಉಚ್ಚಾರಣೆ ಕೇಳಿ ಈ ಸಲ ನಕ್ಕವಳು ಅವಳು. ಅದರ ಮುಂದಿನ ವಾರ ಪಕ್ಕದವಳ ಬಳಿ ‘ರಬ್ಬರ್ ಕೊಡು’ ಎಂದು ಕೇಳುವಷ್ಟು ಮುಂದೆ ಬಂದಿದ್ದಳು. ಅವಳ ಸಾಲಿನಲ್ಲಿ ಪ್ರಶಿಕ್ಷಣಾರ್ಥಿ ಬರೆದದ್ದು: ‘ಕೇಳಿದ್ದನ್ನು ತಿಳಿದು ಮಾಡುತ್ತಾಳೆ. ಬೇಕಾದ್ದನ್ನು ಕೇಳುತ್ತಾಳೆ. ಕನ್ನಡ ಕಲಿಯುತ್ತಿದ್ದಾಳೆ.’

ಅದೇ ಶಾಲೆಯ ಇನ್ನೊಬ್ಬ ಹುಡುಗ ಶಿಕ್ಷಕಿಗೂ ‘ನೀನು ಬಾ’ ಎನ್ನುತ್ತಿದ್ದ. ಇದನ್ನು ಉದ್ಧಟತನವೆಂದು ತಿಳಿಯುವುದು ಸುಲಭ. ಅವನು ಕನ್ನಡ ಕಲಿತದ್ದು ಆಟದ ಬಯಲಿನಲ್ಲಿ. ಅಲ್ಲಿ ಕಿವಿಗೆ ಬೀಳುವುದು ‘ಬಾ, ಕೊಡು, ಹೋಗು’ ಮಾತ್ರ. ‘ಪೋ’ ಬಿಟ್ಟು ಮಾತನಾಡಿದ ಅನುಭವವಿದ್ದ ಪ್ರಶಿಕ್ಷಣಾರ್ಥಿ ಅಂಗಡಿಯಾಟ ಆಡಿಸಿ ‘ಬನ್ನಿ, ಕೊಡಿ’ಗಳನ್ನು ಅವನ ಕಿವಿಗೆ ಬೀಳಿಸಿದರು.

ಎನ್.ಆರ್. ಪುರದ ಕಡೆಯ ಶಾಲೆಯಲ್ಲಿ ವರ್ಣಮಾಲೆಯ ಪಟದ ಞ ಮುಂದಿನ ಖಾಲಿ ಜಾಗಕ್ಕೆ ಪದ ಯಾರು ಕೊಡುತ್ತೀರಿ ಎಂದಾಗ ಮಲಯಾಳಂ ಮನೆಯ ಹುಡುಗ ‘ಞಂಡ್’ ಎಂದ, ಏಡಿ. ಮಳೆಗಾಲದಲ್ಲಿ ಗದ್ದೆಯಂಚಿನಲ್ಲಿ ಏಡಿ ಹಿಡಿಯದ ಮಕ್ಕಳು ಆ ತರಗತಿಯಲ್ಲಿ ಇರಲಿಲ್ಲ. ಪಟದಲ್ಲಿ ಏಡಿಯ ಚಿತ್ರ ಬಂತು, ಕೆಳಗೆ ಎರಡು ಭಾಷೆಯ ಹೆಸರು ಬಂತು.

ಮಾಡಿ ನೋಡುವವರಿಗೆ

1. ತಗಾಲೊಗ್ ಆಗಬೇಕೆಂದಿಲ್ಲ. ತರಗತಿಯಲ್ಲಿ ಯಾರಿಗೂ ಬಾರದ, ನಿಮಗೆ ಸರಿಯಾದ ಉಚ್ಚಾರಣೆ ಸಿಗುವ ಯಾವ ಭಾಷೆಯಾದರೂ ಸರಿ. ಹತ್ತು ಮಾತುಗಳಿಗಿಂತ ಹೆಚ್ಚು ಬೇಡ.

2. ಮೊದಲ ಹಂತವನ್ನು ಎಂಟು ನಿಮಿಷಕ್ಕಿಂತ ಉದ್ದ ಮಾಡಬಾರದು. ಉದ್ದೇಶ ಅನುಭವ, ಅವಮಾನವಲ್ಲ.

3. ಕನ್ನಡ ಬಾರದ ಮಗುವಿಗೂ ಮೊದಲು ಕೊಡಬೇಕಾದದ್ದು ಕೆಲಸಕ್ಕೆ ಬರುವ ಮಾತು, ಅದೂ ಆಡುವ ರೂಪದಲ್ಲಿ: ‘ನೀರು ಬೇಕು’, ‘ಹೊರಗೆ ಹೋಗ್ಲಾ?’, ‘ಇನ್ನೊಂದ್ಸಲ ಹೇಳಿ’, ‘ಗೊತ್ತಾಗ್ಲಿಲ್ಲ’, ‘ಹೊಟ್ಟೆ ನೋವು’, ‘ನಂಗೂ ಕೊಡು’, ‘ನಾನೂ ಬರ್ತೀನಿ’. ಇವು ಬಾಯಿಗೆ ಬಂದ ಮೇಲೆ ಪುಸ್ತಕದ ಭಾಷೆಗೆ ದಾರಿ ಇದೆ.

4. ಅವಲೋಕನ ಪುಸ್ತಕದಲ್ಲಿ ‘ಪ್ರತಿಕ್ರಿಯೆ’ ಎಂಬ ಒಂದು ಅಂಕಣದ ಜಾಗದಲ್ಲಿ ಮೂರು ಇರಲಿ: ಕೇಳಿ ತಿಳಿದು ಮಾಡಿದ್ದು, ಮನೆಭಾಷೆಯಲ್ಲಿ ಹೇಳಿದ್ದು, ಕನ್ನಡದಲ್ಲಿ ಹೇಳಿದ್ದು. ಮೂರನೆಯದು ಖಾಲಿ ಇದ್ದರೂ ಮೊದಲೆರಡು ತುಂಬಿರಬಹುದು. ಹಾಗಿರುವಾಗ ‘ನಿಧಾನ ಕಲಿಕೆ’ ಎಂದು ಬರೆಯಲಾಗದು.

5. ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ತನ್ನ ಬೋಧನಾಭ್ಯಾಸದ ಶಾಲೆಯ ಮಕ್ಕಳ ಮನೆಭಾಷೆಗಳಲ್ಲಿ ಒಂದರ ಹತ್ತು ಮಾತುಗಳನ್ನು ಮಕ್ಕಳಿಂದಲೇ ಕಲಿತು ಪಾಠಯೋಜನೆಯ ಜೊತೆಗೆ ಸಲ್ಲಿಸಲಿ. ಈ ವರ್ಷ ನಮ್ಮಲ್ಲಿ ಹೀಗೆ ಬಂದ ಹಾಳೆಗಳನ್ನು ಭಾಷಾವಾರು ಜೋಡಿಸಿ ಕಡತ ಮಾಡಿಟ್ಟಿದ್ದೇವೆ. ಮುಂದಿನ ತಂಡ ಶಾಲೆಗೆ ಹೊರಡುವ ಮೊದಲು ಓದಬೇಕಾದ ಪುಟಗಳು ಅವು.