ಲಕ್ಕಿ ಎಲೆಯ ಬೆನ್ನು ಬೆಳ್ಳಗೆ ಕಂಡರೆ

ಆಷಾಢದ ಗಾಳಿಯಲ್ಲಿ ಕಳೆ ಔಷಧಿ ಹೊಡೆಯಬಾರದು ಅಂತ ನನಗೆ ಗೊತ್ತಿತ್ತು. ಆದರೂ ಹೊಡೆದೆ. ದೊಡ್ಡಬಳ್ಳಾಪುರದ ಹತ್ತಿರ ನಮ್ಮ ಮುಸುಕಿನ ಜೋಳಕ್ಕೆ ಆಗ ಇಪ್ಪತ್ತೈದು ದಿನ. ಕಳೆ ಕೀಳಲು ಆಳು ಸಿಕ್ಕಿರಲಿಲ್ಲ. 2,4-ಡಿ ತಂದು, ಹುಳದ ಔಷಧಿಗೆ ಬಳಸುವ ಕ್ಯಾನು, ನಾಜಲ್ಲಿನಲ್ಲೇ ಹೊಡೆದು ಮುಗಿಸಿದೆ. ಗಾಳಿ ಪಡುವಲಿಂದ ಬೀಸುತ್ತಿತ್ತು, ಬೇಲಿ ಮೂಡಲಿಗಿತ್ತು.

ವಾರ ಕಳೆದ ಮೇಲೆ ಪಕ್ಕದ ಹೊಲದ ಅಜ್ಜಿ ಕೂಗಿದರು: "ಏನ್ ಹೊಡ್ದೆ ಮಗಾ? ತೊಂಡೆ ಕುಡಿ ನೋಡು, ಹುರಿ ಹೊಸ್ದಂಗೆ ಸುತ್ಕೊಂಡೈತೆ."

ಹೋಗಿ ನೋಡಿದೆ. ತೊಂಡೆಯ ಎಳೆ ಎಲೆಗಳು ದೊನ್ನೆಯಂತೆ ಮುದುರಿದ್ದವು. ನುಗ್ಗೆಯ ಕುಡಿ ಜೋತುಬಿದ್ದಿತ್ತು. ಬುಡದ ಗಣಿಕೆ ಸೊಪ್ಪಿನ ಕಾಂಡ ಸೊಟ್ಟಗಾಗಿತ್ತು. ಜೋಳ ಮಾತ್ರ ಕಡುಹಸಿರಾಗಿ ನಿಂತಿತ್ತು. ಗಿಡದ ಬೆಳವಣಿಗೆಯ ಹಾರ್ಮೋನಿನಂತೆ ನಟಿಸಿ, ಅಗಲ ಎಲೆಯ ಗಿಡಗಳ ಬೆಳವಣಿಗೆಯನ್ನೇ ಹದಗೆಡಿಸಿ ಕೊಲ್ಲುವ ಔಷಧಿ ಅದು. ಹುಲ್ಲಿನ ಜಾತಿಯ ಜೋಳ, ರಾಗಿ ತಡೆದುಕೊಳ್ಳುತ್ತವೆ. ನಮ್ಮ ಬೇಲಿಯಲ್ಲೋ ಕತ್ತಾಳೆ ಬಿಟ್ಟರೆ ಲಕ್ಕಿ, ತಂಗಡಿ, ಹೊಂಗೆ, ತೊಂಡೆ, ಎಲ್ಲವೂ ಅಗಲ ಎಲೆಯವೇ.

ಅಜ್ಜಿ ಜಗಳ ಆಡಲಿಲ್ಲ. ಆದರೆ ಮಸ್ಸೊಪ್ಪಿಗೆ ಅವರು ಗಣಿಕೆ, ಅಣ್ಣೆ, ಕನ್ನೆ ಕೀಳುತ್ತಿದ್ದುದು ಆ ಬೇಲಿಯ ಬುಡದಲ್ಲೇ. "ಈ ಸಲ ಕೀಳಬೇಡಿ ಅಜ್ಜಿ" ಎಂದು ಹೇಳುವಾಗ ಗಂಟಲು ಕಟ್ಟಿತು. ಔಷಧಿ ಜೋಳಕ್ಕೆ ಹೊಡೆದಿದ್ದೆ. ಹೋದದ್ದು ಅವರ ಸಾರಿನ ಸೊಪ್ಪು.

ಆಮೇಲೆ ಕೇಳಿ ತಿಳಿದದ್ದನ್ನು ಹೇಳುತ್ತೇನೆ. ಹುಳದ ಔಷಧಿಯ ನಾಜಲ್ ಮಂಜಿನಂಥ ಹನಿ ಬಿಡುತ್ತದೆ, ಗಾಳಿ ಹೊತ್ತೊಯ್ಯುವುದು ಅದನ್ನೇ. ಕಳೆ ಔಷಧಿಗೆ ದಪ್ಪ ಹನಿಯ ಫ್ಲ್ಯಾಟ್ ಫ್ಯಾನ್ ನಾಜಲ್ ಬೇಕು. ಒತ್ತಡ ಕಡಿಮೆ ಇರಬೇಕು, ಕೈ ತಗ್ಗಿರಬೇಕು. ಕ್ಯಾನೂ ಬೇರೆ ಇಡಿ: ತಳದಲ್ಲಿ ಉಳಿದ ಚೂರು 2,4-ಡಿಯೇ ನಾಳಿನ ಟೊಮೆಟೊ ಎಲೆಯನ್ನು ಮುದುರಿಸೀತು. ನಸುಕಿನಲ್ಲಿ ಗಾಳಿಯೇ ಇಲ್ಲ ಎಂದು ಹೊಡೆಯುವುದೂ ತಪ್ಪು. ನೆಲದ ಬಳಿ ತಂಪುಗಾಳಿ ಮಡುಗಟ್ಟಿದಾಗ ಸಣ್ಣ ಹನಿಗಳು ಇಳಿಯದೆ ತೇಲಿಕೊಂಡು ದೂರ ಹೋಗುತ್ತವೆ. ಎಸ್ಟರ್ ರೂಪದ 2,4-ಡಿಯಂತೂ ಬಿಸಿಲಿಗೆ ಆವಿಯಾಗಿಯೂ ಹರಡುತ್ತದೆ.

ನಮ್ಮ ಜಿಲ್ಲೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುವ ನೆಲ ಇದು, ದ್ರಾಕ್ಷಿ ಬಳ್ಳಿಗೆ 2,4-ಡಿಯ ಸೋಂಕೂ ಆಗದು. ರಾಗಿಯ ಅಕ್ಕಡಿ ಸಾಲಿನ ಅವರೆ, ತೊಗರಿ, ಹುಚ್ಚೆಳ್ಳೂ ಅಗಲ ಎಲೆಯವೇ. ಅಕ್ಕಡಿ ಇರುವ ಹೊಲಕ್ಕೆ ಇದು ಸಲ್ಲದು. ಎಲೆ ಮುದುರಿ ಅನುಮಾನ ಬಂದರೆ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಕುಡಿ ಸಮೇತ ಒಯ್ದು ತೋರಿಸಿ.

ಈಗ ಬೇಲಿಯ ಪಕ್ಕದ ಎರಡು ಮಾರು ಜಾಗಕ್ಕೆ ಔಷಧಿ ಇಲ್ಲ, ಕುಡುಗೋಲೇ. ಕ್ಯಾನು ತುಂಬುವ ಮುಂಚೆ ಬೇಲಿಯ ಲಕ್ಕಿ ಗಿಡ ನೋಡುತ್ತೇನೆ. ಗಾಳಿಗೆ ಎಲೆ ಮಗುಚಿ ಬೆನ್ನು ಬೆಳ್ಳಗೆ ಕಂಡರೆ, ಕ್ಯಾನು ಅಂದು ಮನೆಯಲ್ಲೇ.