ತೆಗೆದು ಹಾಕುವ ಮೊದಲು

ಲಿನಕ್ಸ್ ಕಂಪ್ಯೂಟರಿನಲ್ಲಿ ಬ್ರೌಸರ್ ಕೈಕೊಟ್ಟರೆ ಬಹುತೇಕರು ಮೊದಲು ಮಾಡುವ ಕೆಲಸ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡುವುದು. ನಮ್ಮ ಭಾಗದ ಕೆಲವು ಶಾಲೆಗಳ ಲ್ಯಾಬ್, ಒಂದು ಗ್ರಂಥಾಲಯ, ಜೊತೆಗೆ ಪರಿಚಯದವರ ಮನೆಗಳ ಲಿನಕ್ಸ್ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ನನಗೆ ಫೋನ್ ಬರುವ ಹೊತ್ತಿಗೆ ಸಾಮಾನ್ಯವಾಗಿ ಈ ಕೆಲಸ ಮುಗಿದಿರುತ್ತದೆ. “ಸರ್, ತೆಗ್ದು ಮತ್ತೆ ಹಾಕಿದ್ವಿ, ಆದ್ರೂ ಹಾಗೇ ಇದೆ.”

ಹಾಗೇ ಇರುವುದಕ್ಕೆ ಕಾರಣವಿದೆ. ಲಿನಕ್ಸ್‌ನಲ್ಲಿ ಪ್ರೋಗ್ರಾಂ ಒಂದು ಕಡೆ, ಬಳಸುವವರ ಸಾಮಾನು ಇನ್ನೊಂದು ಕಡೆ. ಫೈರ್‌ಫಾಕ್ಸ್, ಕ್ರೋಮ್ ಕೂತಿರುವುದು ಸಿಸ್ಟಮ್ಮಿನ ಫೋಲ್ಡರುಗಳಲ್ಲಿ. ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್, ಕುಕಿ, ಎಕ್ಸ್‌ಟೆನ್ಷನ್, ಸೆಟ್ಟಿಂಗ್ ಎಲ್ಲವೂ ಇರುವುದು ಹೋಮ್ ಫೋಲ್ಡರಿನೊಳಗೆ, ಚುಕ್ಕಿಯಿಂದ ಶುರುವಾಗುವ ಹೆಸರಿನ, ಕಣ್ಣಿಗೆ ಕಾಣದ ಒಂದು ಫೋಲ್ಡರಿನಲ್ಲಿ. ಇದಕ್ಕೆ ಪ್ರೊಫೈಲ್ ಎನ್ನುತ್ತಾರೆ. ಎಪಿಟಿಯಂಥ ಪ್ಯಾಕೇಜ್ ಮ್ಯಾನೇಜರ್ ಪ್ರೋಗ್ರಾಮನ್ನು ತೆಗೆಯುತ್ತದೆಯೇ ಹೊರತು ಹೋಮ್ ಫೋಲ್ಡರಿಗೆ ಕೈ ಹಾಕುವುದಿಲ್ಲ. ಕೆಟ್ಟದ್ದು ಪ್ರೊಫೈಲ್ ಆಗಿದ್ದರೆ ಹೊಸದಾಗಿ ಹಾಕಿದ ಬ್ರೌಸರ್ ಅದೇ ಹಳೆಯ ಪ್ರೊಫೈಲನ್ನು ಎತ್ತಿಕೊಂಡು ಅದೇ ತೊಂದರೆಯೊಂದಿಗೆ ತೆರೆದುಕೊಳ್ಳುತ್ತದೆ. ಅನ್ನ ಹಳಸಿದ್ದಕ್ಕೆ ಕುಕ್ಕರ್ ಬದಲಿಸಿದ ಹಾಗೆ.

ಆದ್ದರಿಂದ ತೊಂದರೆ ಪ್ರೊಫೈಲಿನಲ್ಲಿದೆಯೋ, ಪ್ರೋಗ್ರಾಮಿನಲ್ಲೋ, ಇಡೀ ಯಂತ್ರದಲ್ಲೋ, ಹೊರಗಿನ ನೆಟ್‌ವರ್ಕಿನಲ್ಲೋ ಎಂಬುದನ್ನು ನಾನು ಮೊದಲು ಬೇರ್ಪಡಿಸುತ್ತೇನೆ. ಫೈರ್‌ಫಾಕ್ಸ್ ತೆರೆಯುವಂತಿದ್ದರೆ ವಿಳಾಸದ ಪಟ್ಟಿಯಲ್ಲಿ ‘ಅಬೌಟ್:ಪ್ರೊಫೈಲ್ಸ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹೊಸ ಖಾಲಿ ಪ್ರೊಫೈಲ್ ಮಾಡಬಹುದು. ಅದರಲ್ಲಿ ಎಲ್ಲ ಸರಿಯಾಗಿ ನಡೆದರೆ ಪ್ರೋಗ್ರಾಂ ಚೆನ್ನಾಗಿದೆ, ದೋಷ ಹಳೆಯ ಪ್ರೊಫೈಲಿನದು. ಆಗ ಟ್ರಬಲ್‌ಶೂಟ್ ಮೋಡಿನಲ್ಲಿ ಹಳೆಯ ಪ್ರೊಫೈಲನ್ನೇ ತೆರೆದು ನೋಡುತ್ತೇನೆ. ಆ ಮೋಡಿನಲ್ಲಿ ಎಕ್ಸ್‌ಟೆನ್ಷನ್‌ಗಳೂ ಹಾರ್ಡ್‌ವೇರ್ ಆಕ್ಸಲರೇಷನ್ನೂ ನಿಂತಿರುತ್ತವೆ. ಕಾಟ ಮಾಯವಾದರೆ ಹೆಚ್ಚಾಗಿ ಈ ಎರಡರಲ್ಲಿ ಒಂದರ ಮೇಲೆ ಬೆರಳಿಡಬಹುದು. ಹೊಸ ಪ್ರೊಫೈಲಿನಲ್ಲೂ ತೊಂದರೆ ಇದ್ದರೆ ಅದೇ ಕಂಪ್ಯೂಟರಿನಲ್ಲಿ ಹೊಸ ಯೂಸರ್ ಒಬ್ಬರನ್ನು ಸೇರಿಸಿ ಲಾಗಿನ್ ಆಗಿ ನೋಡುವುದು, ಆಮೇಲೆ ಬೇರೆ ಬ್ರೌಸರ್, ಆಮೇಲೆ ಮೊಬೈಲ್ ಹಾಟ್‌ಸ್ಪಾಟ್. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ತಿರುವಿ ಬ್ರೌಸರ್ ಸರಿಯಾದರೆ ಯಾವುದರಿಂದ ಸರಿಯಾಯಿತು ಎನ್ನುವುದೇ ತಿಳಿಯುವುದಿಲ್ಲ, ಮುಂದಿನ ವಾರ ಮತ್ತೆ ಕೆಟ್ಟಾಗ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಈ ಪರೀಕ್ಷೆಗಳ ನಡುವೆ ಯಾವುದನ್ನೂ ಡಿಲೀಟ್ ಮಾಡಬಾರದು ಎಂಬುದರಲ್ಲಿ ನಾನು ತುಂಬ ಕಟ್ಟುನಿಟ್ಟು. ಪ್ರೊಫೈಲ್ ಫೋಲ್ಡರಿನ ಹೆಸರು ಬದಲಿಸಿ ಪಕ್ಕಕ್ಕಿಟ್ಟರೆ ಸಾಕು. ಫೈರ್‌ಫಾಕ್ಸ್ ಪ್ರೊಫೈಲಿನೊಳಗೆ ಪ್ಲೇಸಸ್ ಎಂಬ ಒಂದೇ ಫೈಲಿನಲ್ಲಿ ಎಲ್ಲ ಬುಕ್‌ಮಾರ್ಕ್, ಹಿಸ್ಟರಿ ಇರುತ್ತವೆ. ಪಾಸ್‌ವರ್ಡಿಗೆ ಎರಡು ಫೈಲು: ಲಾಗಿನ್ಸ್ ಎನ್ನುವುದು ಒಂದು, ಕೀ4 ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಗೂಢಲಿಪಿಯಲ್ಲಿ ಬರೆದ ಪಾಸ್‌ವರ್ಡುಗಳಿವೆ, ಎರಡನೆಯದರಲ್ಲಿ ಅವನ್ನು ಬಿಡಿಸುವ ಕೀಲಿ ಇದೆ. ಎರಡನ್ನೂ ಕಾಪಿ ಮಾಡಿಕೊಂಡರೆ ಮಾತ್ರ ಪ್ರಯೋಜನ. ಒಬ್ಬ ಮೇಷ್ಟರು ವರ್ಷಗಟ್ಟಲೆ ಕೂಡಿಸಿಟ್ಟ ಪಾಠದ ಲಿಂಕುಗಳು ಆ ಫೋಲ್ಡರಿನಲ್ಲಿರುತ್ತವೆ. ರಿಪೇರಿಗೆ ಬಂದವರಿಗೆ ಅದನ್ನು ಅಳಿಸುವ ಹಕ್ಕಿಲ್ಲ.

ಉಬುಂಟುವಿನ ಇನ್ನೊಂದು ಪ್ಯಾಕೇಜ್ ವ್ಯವಸ್ಥೆಯಾದ ಸ್ನ್ಯಾಪ್ ವಿಷಯದಲ್ಲಿ ಇದು ಇನ್ನೂ ಮುಖ್ಯ. 2022ರ ಏಪ್ರಿಲ್‌ನಲ್ಲಿ ಬಂದ ಉಬುಂಟು 22.04ರಿಂದ ಫೈರ್‌ಫಾಕ್ಸ್ ಉಬುಂಟುವಿನ ಸ್ವಂತ ಭಂಡಾರದಲ್ಲಿ ಸ್ನ್ಯಾಪ್ ರೂಪದಲ್ಲಷ್ಟೇ ಸಿಗುತ್ತದೆ. ಅದರ ಪ್ರೊಫೈಲ್ ಹಳೆಯ ಜಾಗದಲ್ಲಿರುವುದಿಲ್ಲ, ಹೋಮಿನ ‘ಸ್ನ್ಯಾಪ್’ ಫೋಲ್ಡರಿನ ಒಳಗಿರುತ್ತದೆ. ಎಪಿಟಿ ಬಗ್ಗೆ ನಾನು ಮೇಲೆ ಹೇಳಿದ ಮಾತು ಇಲ್ಲಿ ತಿರುಗುಮುರುಗು: ಸ್ನ್ಯಾಪ್ ತೆಗೆದರೆ ಪ್ರೊಫೈಲೂ ಜೊತೆಗೇ ಹೋಗುತ್ತದೆ. ಹೋಗುವ ಮೊದಲು ಸಿಸ್ಟಮ್ ತಾನಾಗಿಯೇ ಒಂದು ಸ್ನ್ಯಾಪ್‌ಶಾಟ್ ತೆಗೆದು ಸಾಮಾನ್ಯವಾಗಿ 31 ದಿನ ಇಟ್ಟುಕೊಂಡಿರುತ್ತದೆ. ‘ಪರ್ಜ್’ ಸೇರಿಸಿ ತೆಗೆದಿದ್ದರೆ ಅದೂ ಇಲ್ಲ. “ತೆಗ್ದು ಹಾಕಿದ್ವಿ, ಈಗ ಬುಕ್‌ಮಾರ್ಕೆಲ್ಲ ಹೋಗಿದೆ” ಎಂದು ಯಾರಾದರೂ ಹೇಳಿದರೆ ನಾನು ಗಾಬರಿ ಪಡದೆ ‘ಸ್ನ್ಯಾಪ್ ಸೇವ್ಡ್’ ಎಂಬ ಕಮಾಂಡ್ ಕೊಟ್ಟು ನೋಡುತ್ತೇನೆ. ತಿಂಗಳು ದಾಟಿರದಿದ್ದರೆ ಮರಳಿ ತರಬಹುದು. ಮೊಝಿಲಾ 2024ರ ಜನವರಿಯಿಂದ ಡೆಬಿಯನ್, ಉಬುಂಟು ಬಳಸುವವರಿಗೆ ತನ್ನದೇ ಎಪಿಟಿ ಭಂಡಾರದಿಂದ ಫೈರ್‌ಫಾಕ್ಸ್ ಕೊಡುತ್ತಿದೆ. ಅದಕ್ಕೆ ಬದಲಾಯಿಸಿಕೊಂಡವರೂ ಬುಕ್‌ಮಾರ್ಕ್ ಕಾಣದೆ ಹೆದರುತ್ತಾರೆ, ಯಾಕೆಂದರೆ ಹೊಸದು ಹಳೆಯ ಜಾಗದಲ್ಲಿ ಹುಡುಕುತ್ತಿರುತ್ತದೆ. ಸ್ನ್ಯಾಪಿನೊಳಗಿನ ಪ್ರೊಫೈಲನ್ನು ಕಾಪಿ ಮಾಡಿಕೊಂಡ ಮೇಲೆ ತೆಗೆದರೆ ಈ ಭಯವಿಲ್ಲ.

ಇನ್ನು ಬೀಗದ ಮಾತು. ಒಂದು ಪ್ರೌಢಶಾಲೆಯ ಸ್ಟಾಫ್ ರೂಮಿನಿಂದ ಫೋನ್ ಬಂತು. ಕ್ರೋಮ್ ತೆರೆಯಲು ಹೋದರೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಬರುತ್ತಿತ್ತು: ಈ ಪ್ರೊಫೈಲನ್ನು ಬೇರೊಂದು ಕಂಪ್ಯೂಟರಿನಲ್ಲಿರುವ ಕ್ರೋಮ್ ಬಳಸುತ್ತಿದೆ ಎಂದು. ಮೇಡಂ ನಿಜಕ್ಕೂ ಹೆದರಿದ್ದರು. “ಯಾರೋ ಹ್ಯಾಕ್ ಮಾಡಿದ್ದಾರೆ ಅನ್ಸುತ್ತೆ ಸರ್, ಬ್ಯಾಂಕ್ ಪಾಸ್‌ವರ್ಡ್ ಎಲ್ಲ ಅದ್ರಲ್ಲೇ ಇದೆ.” ಸಂದೇಶದ ಆವರಣದಲ್ಲಿ ಆ ‘ಬೇರೊಂದು ಕಂಪ್ಯೂಟರಿನ’ ಹೆಸರೂ ಇತ್ತು. ಓದಿ ಹೇಳಿ ಅಂದೆ. ಓದಿದರು. ಅದು ಅದೇ ಕಂಪ್ಯೂಟರಿನ ಹಳೆಯ ಹೆಸರು.

“ಕಂಪ್ಯೂಟರ್ ಹೆಸರು ಬದಲಾಯಿಸಿದ್ರಾ ಮೇಡಂ?”

“ನಿನ್ನೆ ಸರ್. ಪ್ರಿಂಟರ್ ಹುಡ್ಕೋಕೆ ಸುಲಭ ಆಗ್ಲಿ ಅಂತ ಸ್ಟಾಫ್ ರೂಮ್ ಅಂತ ಇಟ್ವಿ. ಆಮೇಲೆ ಕರೆಂಟ್ ಹೋಯ್ತು.”

ಕ್ರೋಮ್ ಓಡುತ್ತಿರುವಾಗ ಪ್ರೊಫೈಲಿನಲ್ಲಿ ‘ಸಿಂಗಲ್‌ಟನ್‌ಲಾಕ್’ ಎಂಬ ಒಂದು ಗುರುತು ಇಡುತ್ತದೆ. ಅದರಲ್ಲಿ ಕಂಪ್ಯೂಟರಿನ ಹೆಸರು, ಓಡುತ್ತಿರುವ ಪ್ರೋಸೆಸ್ಸಿನ ಸಂಖ್ಯೆ ಎರಡೂ ಇರುತ್ತವೆ. ಒಂದೇ ಪ್ರೊಫೈಲನ್ನು ಇಬ್ಬರು ಏಕಕಾಲಕ್ಕೆ ಬರೆದು ಹಾಳು ಮಾಡದಿರಲಿ ಎಂದು ಮಾಡಿದ ವ್ಯವಸ್ಥೆ ಅದು. ಕರೆಂಟ್ ಹೋಗಿ ಗುರುತು ಉಳಿದುಕೊಂಡರೂ ಹೆಸರು ಅದೇ ಆಗಿದ್ದರೆ ಕ್ರೋಮ್ ಆ ಸಂಖ್ಯೆಯ ಪ್ರೋಸೆಸ್ ಈಗಿಲ್ಲ ಎಂದು ತಿಳಿದು ತಾನೇ ಬೀಗ ತೆಗೆಯುತ್ತದೆ. ಹೆಸರು ಬೇರೆಯಾದರೆ ಅದಕ್ಕೆ ಪರಿಶೀಲಿಸುವ ದಾರಿಯಿಲ್ಲ, ಹಾಗಾಗಿ ನಿಲ್ಲುತ್ತದೆ. ಬೇರೆ ಕ್ರೋಮ್ ಓಡುತ್ತಿಲ್ಲ ಎಂದು ಖಚಿತ ಮಾಡಿಕೊಂಡು ಆ ಒಂದು ಗುರುತನ್ನು ಮಾತ್ರ ತೆಗೆಸಿದೆ. ಎಲ್ಲ ಮೊದಲಿನಂತೆ ತೆರೆಯಿತು. ಬ್ರೌಸರ್ ಏನು ಹೇಳುತ್ತಿದೆ ಎಂಬುದನ್ನು ಕೊನೆಯ ಅಕ್ಷರದವರೆಗೆ ಓದಿಸುವುದು ಎಷ್ಟು ಕೆಲಸ ಉಳಿಸುತ್ತದೆ ಎಂದು ನನಗೆ ಮನದಟ್ಟಾದದ್ದು ಆವತ್ತು.

ಐಕಾನ್ ಒತ್ತಿದರೂ ಏನೂ ಆಗದೆ, ಸಂದೇಶವೂ ಬರದೆ ಇದ್ದರೆ ಟರ್ಮಿನಲ್ ತೆರೆದು ಅಲ್ಲಿಂದ ಬ್ರೌಸರ್ ಶುರು ಮಾಡಬೇಕು. ಸಾಲು ಸಾಲಾಗಿ ಎಚ್ಚರಿಕೆಗಳು ಬೀಳುತ್ತವೆ. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿ. ‘ಪರ್ಮಿಷನ್ ಡಿನೈಡ್’ ಎಂದೋ ‘ನೋ ಸ್ಪೇಸ್ ಲೆಫ್ಟ್’ ಎಂದೋ ಇದ್ದರೆ ಮಾತ್ರ ಅಲ್ಲೇ ಉತ್ತರವಿದೆ. ಮೊದಲನೆಯದು ಹೆಚ್ಚಾಗಿ ಯಾರೋ ಒಮ್ಮೆ ಸುಡೋ ಹಾಕಿ ಬ್ರೌಸರ್ ತೆರೆದದ್ದರ ಫಲ: ಪ್ರೊಫೈಲಿನ ಕೆಲವು ಫೈಲುಗಳ ಒಡೆತನ ರೂಟಿಗೆ ಹೋಗಿರುತ್ತದೆ, ಅದನ್ನು ಮರಳಿ ಯೂಸರಿಗೆ ಬರೆದುಕೊಡಬೇಕು. ಎರಡನೆಯದಕ್ಕೆ ಡಿಸ್ಕಿನಲ್ಲಿ ಜಾಗ ಮಾಡಬೇಕು.

ಬಳಸುತ್ತಿರುವಾಗಲೇ ಇಡೀ ಬ್ರೌಸರ್ ಮುನ್ಸೂಚನೆಯಿಲ್ಲದೆ ಮಾಯವಾಗುತ್ತದೆ ಎಂದರೆ ನಾನು ಮೆಮೊರಿಯನ್ನು ನೋಡುತ್ತೇನೆ. ನಮ್ಮಲ್ಲಿ ಇನ್ನೂ 4 ಜಿಬಿ ರ‍್ಯಾಮಿನ ಯಂತ್ರಗಳೇ ಜಾಸ್ತಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಇಂಥವು ಇನ್ನಷ್ಟು ಲಿನಕ್ಸ್ ಕಡೆಗೆ ಬರುತ್ತಿವೆ. ಮೆಮೊರಿ ಮುಗಿದಾಗ ಕರ್ನೆಲ್ ಯಾವುದಾದರೂ ಒಂದು ಪ್ರೋಸೆಸ್ಸನ್ನು ಕೊಲ್ಲುತ್ತದೆ, ದೊಡ್ಡದಾಗಿ ಬೆಳೆದ ಬ್ರೌಸರೇ ಹೆಚ್ಚಾಗಿ ಮೊದಲು ಸಿಕ್ಕಿಬೀಳುತ್ತದೆ. ಉಬುಂಟು 22.04 ಬಂದ ಹೊಸದರಲ್ಲಿ ಸಿಸ್ಟಮ್‌ಡಿ-ಊಮ್‌ಡಿ ಎಂಬ ಸೇವೆ ಈ ಕೆಲಸವನ್ನು ತುಸು ಬೇಗನೇ ಮಾಡುತ್ತಿತ್ತು. ತೆರೆದಿದ್ದ ಬ್ರೌಸರ್ ಎಲ್ಲ ಟ್ಯಾಬುಗಳ ಸಮೇತ ಹೋಗುತ್ತಿತ್ತು. ಎಷ್ಟೋ ಜನ ಅದನ್ನು ಬ್ರೌಸರಿನ ಕ್ರ್ಯಾಶ್ ಎಂದೇ ತಿಳಿದಿದ್ದರು. ಸಿಸ್ಟಮ್ ಲಾಗ್ ನೋಡಿದರೆ ಯಾರು ಯಾರನ್ನು ಯಾವಾಗ ಕೊಂದರು ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಯಾವ ಟ್ಯಾಬ್ ಎಷ್ಟು ತಿನ್ನುತ್ತಿದೆ ಎಂದು ತಿಳಿಯಲು ಕ್ರೋಮಿನಲ್ಲಿ ಶಿಫ್ಟ್ ಹಿಡಿದು ಎಸ್ಕೇಪ್ ಒತ್ತಬೇಕು. ಫೈರ್‌ಫಾಕ್ಸಿನಲ್ಲಿ ಅದಕ್ಕೆ ‘ಅಬೌಟ್:ಪ್ರೋಸೆಸಸ್’ ಇದೆ. ಪರದೆ ಕಪ್ಪಾಗುವುದು, ವಿಡಿಯೋ ಮಿನುಗುವುದು ಇದ್ದರೆ ಹಾರ್ಡ್‌ವೇರ್ ಆಕ್ಸಲರೇಷನ್ ಆಫ್ ಮಾಡಿ ನೋಡುವುದು ಸಾಕು. ಅದರಿಂದ ಸರಿಹೋದರೆ ಗ್ರಾಫಿಕ್ಸ್ ಡ್ರೈವರಿನ ಕಡೆ ತಿರುಗಬೇಕು.

ಬ್ರೌಸರಿಗೆ ಸಂಬಂಧವೇ ಇಲ್ಲದ ಜಾಗದಲ್ಲಿ ಬೇರು ಇರಬಹುದು ಎನ್ನುವುದಕ್ಕೆ ನನಗೆ ಸಿಕ್ಕ ಬಲವಾದ ಉದಾಹರಣೆ ಗಡಿಯಾರದ್ದು. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಒಂದು ಲ್ಯಾಬಿನಲ್ಲಿ ಕೆಲವು ಕಂಪ್ಯೂಟರುಗಳಲ್ಲಿ ಕೆಲವು ವೆಬ್‌ಸೈಟ್ ತೆರೆಯುತ್ತಿದ್ದವು, ಕೆಲವು ‘ಸುರಕ್ಷಿತವಲ್ಲ’ ಎಂದು ನಿಲ್ಲುತ್ತಿದ್ದವು. ಫೈರ್‌ಫಾಕ್ಸ್, ಕ್ರೋಮ್ ಎರಡರಲ್ಲೂ ಒಂದೇ ಕಥೆ. ಎರಡರಲ್ಲೂ ಒಂದೇ ಆದರೆ ದೋಷ ಎರಡಕ್ಕೂ ಕೆಳಗಿದೆ ಎಂದು ಅರ್ಥ. ಪರದೆಯ ಮೂಲೆಯಲ್ಲಿ ನೋಡಿದರೆ ಅಲ್ಲಿ ಇನ್ನೂ ಏಪ್ರಿಲ್ ತಿಂಗಳು.

ಮದರ್‌ಬೋರ್ಡಿನಲ್ಲಿ ಗಡಿಯಾರವನ್ನು ಓಡಿಸುವ ಸಿಆರ್2032 ಬಟನ್ ಸೆಲ್ ಸತ್ತಿತ್ತು. ರಜೆಯುದ್ದಕ್ಕೂ ಲ್ಯಾಬಿನ ಮೇನ್ ಸ್ವಿಚ್ ಆರಿಸಿದ್ದರಿಂದ ಗಡಿಯಾರ ಮೊದಲಿಗೇ ಹೋಗಿತ್ತು. ಸಿಸ್ಟಮ್‌ಡಿ ಸಮಯವನ್ನು ಆಗಾಗ ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಗಡಿಯಾರ ಅದಕ್ಕಿಂತ ಹಿಂದಿದ್ದರೆ ಬರೆದಿಟ್ಟ ಸಮಯಕ್ಕೆ ತಂದು ನಿಲ್ಲಿಸುತ್ತದೆ. ಹಾಗಾಗಿ ಯಂತ್ರಗಳು ರಜೆಗೆ ಮುಂಚಿನ ಕೊನೆಯ ದಿನದಿಂದ ಎದ್ದಿದ್ದವು. ಸಾಮಾನ್ಯವಾಗಿ ಇಂಟರ್ನೆಟ್ ಸಿಕ್ಕ ಕೂಡಲೇ ಎನ್‌ಟಿಪಿ ಮೂಲಕ ಸರಿಯಾದ ಸಮಯ ಬಂದುಬಿಡುತ್ತದೆ. ಇಲ್ಲಿ ರೂಟರಿನಲ್ಲಿ ಅದು ಬಳಸುವ 123ನೇ ಪೋರ್ಟನ್ನೇ ಮುಚ್ಚಿದ್ದರು. ಕೆಲವೇ ಸೈಟು ಯಾಕೆ ನಿಂತವು? ವೆಬ್‌ಸೈಟುಗಳ ಗುರುತಿಗೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೊಡುವ ಪ್ರಮಾಣಪತ್ರಗಳ ಅವಧಿ ಸಾಮಾನ್ಯವಾಗಿ 90 ದಿನ, ಅವು ಮತ್ತೆ ಮತ್ತೆ ಹೊಸದಾಗುತ್ತಿರುತ್ತವೆ. ಮೇ ತಿಂಗಳಲ್ಲಿ ಪಡೆದ ಪ್ರಮಾಣಪತ್ರದಲ್ಲಿ ‘ಮೇ ತಿಂಗಳಿಂದ ಮಾನ್ಯ’ ಎಂದಿರುತ್ತದೆ. ಏಪ್ರಿಲ್‌ನಲ್ಲಿ ನಿಂತ ಕಂಪ್ಯೂಟರಿನ ಲೆಕ್ಕದಲ್ಲಿ ಅದಿನ್ನೂ ಹುಟ್ಟೇ ಇಲ್ಲ. ಅದಕ್ಕೂ ಮೊದಲೇ ಪಡೆದು ಇನ್ನೂ ಅವಧಿ ಉಳಿದಿದ್ದ ಸೈಟುಗಳು ಸಲೀಸಾಗಿ ತೆರೆಯುತ್ತಿದ್ದವು. ಸಮಯ ಸರಿಮಾಡಿ, ಸೆಲ್ ಹಾಕಿಸಿ, ಆ ಪೋರ್ಟ್ ತೆರೆಸಿದ ಮೇಲೆ ಕಾಟ ತಪ್ಪಿತು. ಅಷ್ಟರಲ್ಲಿ ಮಕ್ಕಳು ಎಚ್ಚರಿಕೆಯ ಪುಟದಲ್ಲಿ ‘ಅಡ್ವಾನ್ಸ್ಡ್’ ಒತ್ತಿ ಮುಂದೆ ಹೋಗುವುದನ್ನು ಕಲಿತುಬಿಟ್ಟಿದ್ದರು. ಆ ಅಭ್ಯಾಸ ಬಿಡಿಸುವುದೇ ಹೆಚ್ಚು ಕಷ್ಟವಾಯಿತು. ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿಕೊಂಡ ಕಂಪ್ಯೂಟರಿನಲ್ಲಿ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹೆಚ್ಚುಕಡಿಮೆ ತೋರಿಸಿದರೆ ಸೆಲ್ಲಿನ ತಪ್ಪಲ್ಲ. ಒಂದು ಹಾರ್ಡ್‌ವೇರ್ ಗಡಿಯಾರವನ್ನು ಭಾರತೀಯ ಕಾಲಮಾನವೆಂದೂ ಇನ್ನೊಂದು ಯುಟಿಸಿ ಎಂದೂ ಓದುತ್ತಿರುತ್ತದೆ.

ನಮ್ಮ ಭಾಷೆಗೆ ಸಂಬಂಧಪಟ್ಟ ದೂರುಗಳನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಗ್ರಂಥಾಲಯಕ್ಕೆ ದಿನವೂ ಪೇಪರ್ ಓದಲು ಬರುವ ಹಿರಿಯರೊಬ್ಬರು, “ಒತ್ತಕ್ಷರ ಎಲ್ಲ ಬಿಡಿಬಿಡಿ ಆಗಿದೆಯಪ್ಪಾ, ಓದೋಕಾಗ್ತಿಲ್ಲ” ಎಂದರು. ನೋಡಿದರೆ ‘ರಾಷ್ಟ್ರ’ದ ಒತ್ತುಗಳು ಷಕಾರದ ಕೆಳಗೆ ಕೂರದೆ ಅರ್ಧಾಕ್ಷರಗಳಾಗಿ ಸಾಲಾಗಿ ನಿಂತಿದ್ದವು. ಫೈರ್‌ಫಾಕ್ಸಿನ ಇನ್‌ಸ್ಪೆಕ್ಟರಿನಲ್ಲಿ ಫಾಂಟ್ಸ್ ಎಂಬ ವಿಭಾಗವಿದೆ. ಆರಿಸಿದ ಪಠ್ಯಕ್ಕೆ ನಿಜವಾಗಿ ಯಾವ ಫಾಂಟ್ ಬಳಕೆಯಾಗಿದೆ ಎಂದು ಅಲ್ಲಿ ತಿಳಿಯುತ್ತದೆ. ಯಾರೋ ತಂದು ಹಾಕಿದ್ದ, ಕನ್ನಡ ಅಕ್ಷರಗಳಿದ್ದರೂ ಒತ್ತು ಕೂಡಿಸುವ ನಿಯಮಗಳಿಲ್ಲದ ಫಾಂಟೊಂದು ಮುಂದೆ ಬಂದಿತ್ತು. ಅದನ್ನು ಸರಿಸಿ, ಡೆಬಿಯನ್-ಉಬುಂಟುವಿನ ಕನ್ನಡ ಫಾಂಟುಗಳ ಪ್ಯಾಕೇಜ್ ಹಾಕಿದೆ. ಅದರಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ ಬರುತ್ತವೆ. ಬ್ರೌಸರ್ ಮುಚ್ಚಿ ತೆರೆದಾಗ ಅಕ್ಷರಗಳು ಕೂಡಿಕೊಂಡಿದ್ದವು. ಕನ್ನಡದ ಜಾಗದಲ್ಲಿ ಬರೀ ಚೌಕಗಳು ಕಂಡರೆ ಫಾಂಟೇ ಇಲ್ಲವೆಂದು ಅರ್ಥ. ಚೌಕದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಆ ಪುಟ ಯೂನಿಕೋಡಿಗೆ ಮುಂಚಿನ ಹಳೆಯ ಎನ್‌ಕೋಡಿಂಗಿನಲ್ಲಿದೆ. ಅದಕ್ಕೆ ಬ್ರೌಸರನ್ನು ದೂರಿ ಫಲವಿಲ್ಲ, ಪಠ್ಯವನ್ನೇ ಪರಿವರ್ತಿಸಬೇಕು.

ಕೆಲವೊಮ್ಮೆ ನಮ್ಮ ಯಂತ್ರದಲ್ಲಿ ಏನೂ ಕೆಟ್ಟಿರುವುದಿಲ್ಲ. 2022ರ ಜನವರಿ 13ರಂದು ಜಗತ್ತಿನಾದ್ಯಂತ ಫೈರ್‌ಫಾಕ್ಸ್ ತೆರೆಯುತ್ತಿತ್ತು, ಪುಟಗಳು ಮಾತ್ರ ಬರುತ್ತಿರಲಿಲ್ಲ. ಕ್ಲೌಡ್ ಸೇವೆಯೊಂದರಲ್ಲಿ ಆದ ಬದಲಾವಣೆಯಿಂದ ಫೈರ್‌ಫಾಕ್ಸಿನ ಎಚ್‌ಟಿಟಿಪಿ/3 ಭಾಗದಲ್ಲಿ ಅಡಗಿದ್ದ ದೋಷ ಎದ್ದು, ನೆಟ್‌ವರ್ಕ್ ಕೆಲಸವೆಲ್ಲ ಕೊನೆಯಿಲ್ಲದ ಸುತ್ತಿಗೆ ಸಿಕ್ಕಿತ್ತು. ಇಂಥ ದಿನ ಪ್ರೊಫೈಲ್ ಕೆದಕುವುದು ವ್ಯರ್ಥ. ಹಲವು ಯಂತ್ರಗಳು ಒಂದೇ ಗಳಿಗೆಯಲ್ಲಿ ಒಂದೇ ರೀತಿ ಕೈಕೊಟ್ಟಿದ್ದರೆ ನಾನು ಮೊದಲು ಬೇರೆ ಊರಿನ ಸ್ನೇಹಿತರಿಗೆ ಫೋನ್ ಮಾಡಿ ವಿಚಾರಿಸುತ್ತೇನೆ. ಅಂಥದೇ ಇನ್ನೊಂದು ದಿನ, 2019ರ ಮೇ 4ರಂದು, ಎಕ್ಸ್‌ಟೆನ್ಷನ್‌ಗಳಿಗೆ ಸಹಿ ಹಾಕುವ ಸರಣಿಯ ಒಂದು ಪ್ರಮಾಣಪತ್ರದ ಅವಧಿ ಮುಗಿದು ಫೈರ್‌ಫಾಕ್ಸಿನ ಬಹುತೇಕ ಎಲ್ಲ ಎಕ್ಸ್‌ಟೆನ್ಷನ್‌ಗಳು ನಿಂತಿದ್ದವು. ಎಕ್ಸ್‌ಟೆನ್ಷನ್‌ಗಳನ್ನು ತೆಗೆದು ಮತ್ತೆ ಹಾಕಬೇಡಿ, ತೆಗೆದರೆ ಅದರೊಳಗಿನ ಮಾಹಿತಿಯೂ ಅಳಿಯುತ್ತದೆ ಎಂದು ಮೊಝಿಲಾ ಆಗಲೇ ತಿಳಿಸಿತ್ತು. ಕಾದವರಿಗೆ 66.0.4ನೇ ಆವೃತ್ತಿಯೊಂದಿಗೆ ಅವು ಮತ್ತೆ ಕೆಲಸ ಮಾಡತೊಡಗಿದವು.