ಜೋಳ ಮೊದಲು, ಮಷೀನು ಆಮೇಲೆ

ರೊಟ್ಟಿ ವ್ಯಾಪಾರ ದೊಡ್ಡದು ಮಾಡಬೇಕು, ಏನು ಮಾಡಲಿ ಎಂದು ಕೇಳಿಕೊಂಡು ಬಂದವರಿಗೆ ನಾನು ಮೊದಲು ಕೇಳುವುದು ಒಂದೇ ಮಾತು: ಮುಂದಿನ ಸುಗ್ಗಿಯವರೆಗಿನ ಜೋಳ ಎಲ್ಲಿದೆ? ಬಹಳಷ್ಟು ಜನ ಉತ್ತರದ ಬದಲು ಮಷೀನಿನ ಕೊಟೇಶನ್ ತೆಗೆದು ತೋರಿಸುತ್ತಾರೆ.

ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುವುದು ಹಲಸಂಗಿಯಲ್ಲಿ ನಮ್ಮ ಮನೆಯ ಉದ್ಯೋಗ. ಚಡಚಣ, ಇಂಡಿ, ವಿಜಯಪುರ, ಗಡಿ ದಾಟಿದರೆ ಸೋಲಾಪುರ, ಇಷ್ಟು ನಮ್ಮ ಮಾರುಕಟ್ಟೆ. ಸೋಲಾಪುರದಲ್ಲಿ ಕನ್ನಡ ಮನೆಮಾತಿನವರು ಬೇಕಾದಷ್ಟು ಇದ್ದಾರೆ, ಪುಣೆಗೆ ದುಡಿಯಲು ಹೋದ ನಮ್ಮ ಕಡೆಯವರಿಗೂ ಜೋಳದ ರೊಟ್ಟಿ ಇಲ್ಲದೆ ಊಟ ಸೇರುವುದಿಲ್ಲ. ಹಾಗಾಗಿ ಗಿರಾಕಿಗೆ ಬರ ಇಲ್ಲ. ಅಲ್ಲಿನ ವ್ಯಾಪಾರಿಯೊಬ್ಬರು ಒಮ್ಮೆ, “ಅಕ್ಕಾರ, ಈಗ ಕೊಡೂದರ ಮೂರು ಪಟ್ಟು ಕೊಡ್ರಿ, ಎಲ್ಲಾ ನಾನ ಒಯ್ತೀನಿ” ಅಂದರು. “ರೊಕ್ಕ ಯಾವಾಗ್ರಿ?” ಅಂದೆ. “ತಿಂಗಳಾ ತಿಂಗಳಾ ಚುಕ್ತಾ ಮಾಡೂಣು.” ಅವರು ಒಳ್ಳೆಯ ಮನುಷ್ಯರು, ಮಾತೂ ಖರೆ. ಆದರೆ ಆ “ತಿಂಗಳಾ ತಿಂಗಳಾ” ಎಂಬುದರ ಬೆಲೆ ಎಷ್ಟೆಂದು ನೋಡಿಯೇ ಹೂಂ ಅನ್ನಬೇಕು.

ಲೆಕ್ಕಕ್ಕೆಂದು ಹೀಗೆ ಹಿಡಿಯಿರಿ. ಅಂಗಡಿಗೆ ಕೊಡುವ ಬೆಲೆ ರೊಟ್ಟಿಗೆ 6 ರೂಪಾಯಿ. ಜೋಳ, ಬೀಸುವ ಕೂಲಿ, ಬಡಿಯುವ ಕೂಲಿ, ಗ್ಯಾಸ್, ಪ್ಯಾಕಿಂಗ್, ಸಾಗಾಟ ಎಲ್ಲ ಸೇರಿ ಖರ್ಚು ನಾಲ್ಕೂವರೆ. ಮನೆಯವರ ಕೂಲಿಯನ್ನೂ ಈ ಖರ್ಚಿನಲ್ಲೇ ಸೇರಿಸಬೇಕು. ಅದನ್ನು ಬಿಟ್ಟು ಲಾಭ ಎಣಿಸುವವರು ತಮ್ಮ ದುಡಿಮೆಯನ್ನೇ ಲಾಭವೆಂದು ತಿಳಿದಿರುತ್ತಾರೆ. ದಿನಕ್ಕೆ 500 ರೊಟ್ಟಿ ಹೋಗುತ್ತಿದ್ದು, ರೊಕ್ಕ ತಿಂಗಳಿಗೆ ಬರುವುದಾದರೆ ನಮ್ಮ 67,500 ರೂಪಾಯಿ ಸದಾ ಅಂಗಡಿಗಳ ಕಡೆ ಸಿಕ್ಕಿಕೊಂಡಿರುತ್ತದೆ. 1,500 ಮಾಡಿದಿರೋ, ಅದು 2,02,500 ಆಗುತ್ತದೆ. ಅಂದರೆ ಒಂದೇ ಒಂದು ಮಷೀನು ಕೊಳ್ಳದೆ, ಒಂದು ಹಂಚು ಹೆಚ್ಚಿಗೆ ಇಡದೆ, 1,35,000 ಹೊಸ ರೊಕ್ಕ ಹಾಕಬೇಕು. ದಿನಕ್ಕೆ 1,500ರಂತೆ ಎರಡು ತಿಂಗಳು ದುಡಿದರೆ ಬರುವ ಪೂರಾ ಲಾಭ ಅಷ್ಟು. ವಾರಕ್ಕೊಮ್ಮೆ ಚುಕ್ತಾ ಮಾಡುವ ಗಿರಾಕಿ ಅರ್ಧ ರೂಪಾಯಿ ಕಡಿಮೆ ಕೇಳಿದರೂ ನಾನು ಅವರ ಕಡೆಗೇ ವಾಲುತ್ತೇನೆ.

ಇನ್ನು ಜೋಳ. ನಮ್ಮ ಎರೆಭೂಮಿಯ ಹಿಂಗಾರಿ ಬಿಳಿಜೋಳ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿ ಫೆಬ್ರುವರಿ–ಮಾರ್ಚಿಗೆ ಕೈಗೆ ಬರುವಂಥದ್ದು. ಬೆಳೆ ವರ್ಷಕ್ಕೊಮ್ಮೆ, ರೊಟ್ಟಿ ದಿನಾಲು. 2025-26ಕ್ಕೆ ಕೇಂದ್ರ ಗೊತ್ತುಮಾಡಿದ ಮಾಲ್ದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ಲೆಕ್ಕ ಸುಲಭವಾಗಲೆಂದು 4,000 ಹಿಡಿಯೋಣ. ಕಿಲೋ ಹಿಟ್ಟಿಗೆ ತೆಳ್ಳಗಿನ ರೊಟ್ಟಿ ಇಪ್ಪತ್ತರ ಆಸುಪಾಸು, ಅಂದರೆ ರೊಟ್ಟಿಯೊಂದಕ್ಕೆ ಜೋಳವೇ 2 ರೂಪಾಯಿ. ಮಳೆಗಾಲದಲ್ಲಿ ಕಿಲೋಕ್ಕೆ 10 ರೂಪಾಯಿ ಏರಿತೆಂದರೆ ರೊಟ್ಟಿಗೆ ಅರ್ಧ ರೂಪಾಯಿ ಹೋಯಿತು. ಒಂದೂವರೆ ರೂಪಾಯಿ ಲಾಭದಲ್ಲಿ ಮೂರನೇ ಒಂದು ಪಾಲು. ಅಂಗಡಿಯವರು ಅದಕ್ಕಾಗಿ ರೊಟ್ಟಿಯ ಬೆಲೆ ಏರಿಸುವುದಿಲ್ಲ.

ದಿನಕ್ಕೆ 500ಕ್ಕಾದರೆ ವರ್ಷಕ್ಕೆ 90 ಕ್ವಿಂಟಲ್, 3,60,000 ರೂಪಾಯಿ. 1,500ಕ್ಕೆ 270 ಕ್ವಿಂಟಲ್, 10,80,000. ದೊಡ್ಡದಾಗುವುದು ಎಂದರೆ ನನ್ನ ಮಟ್ಟಿಗೆ ಈ ಎರಡು ಅಂಕಿಗಳ ನಡುವಿನ ಅಂತರ. ಅಷ್ಟನ್ನೂ ಒಂದೇ ಸಲ ಕೊಳ್ಳಬೇಕಿಲ್ಲ. ನಾವು ಊರಿನ ಗೊತ್ತಿರುವ ರೈತರ ಕಡೆಯೇ ಮಾತಾಡಿಕೊಳ್ಳುತ್ತೇವೆ: ಸುಗ್ಗಿಯಲ್ಲಿ ಅರ್ಧ ರೊಕ್ಕ, ಉಳಿದದ್ದು ಜೋಳ ಎತ್ತಿದ ಹಾಗೆ, ಬೆಲೆ ಪೇಟೆಗಿಂತ ಸ್ವಲ್ಪ ಹೆಚ್ಚು. ಅವರು ನಮಗಾಗಿ ಕಾಯುತ್ತಾರೆ, ಆ ಹೆಚ್ಚಿನ ಬೆಲೆ ಅದಕ್ಕೇ. ಮನೆಯಲ್ಲಿ ಇಡುವುದನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬೇವಿನ ಸೊಪ್ಪು ಹಾಕಿ ಚೀಲ ಹೊಲಿಯುತ್ತೇವೆ. ಹಿಂದೆ ಇದಕ್ಕೆಂದೇ ಊರೂರಲ್ಲಿ ನೆಲದೊಳಗೆ ತೋಡಿದ ಹಗೇವು ಇರುತ್ತಿದ್ದವು.

ಮಷೀನಿನ ವಿಚಾರಕ್ಕೆ ಬರುತ್ತೇನೆ. ಹಲಸಂಗಿ ಎಂದರೆ ಓದಿದವರಿಗೆ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ನೆನಪಾಗುತ್ತಾರೆ. ಅವರ ಬಳಗವಾದ ಹಲಸಂಗಿ ಗೆಳೆಯರು ಸೇರಿಸಿದ ಜನಪದ ಹಾಡುಗಳ ಪುಸ್ತಕ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಅಂಥ ಹಾಡುಗಳು ನಮ್ಮ ಹೆಣ್ಣುಮಕ್ಕಳು ನಸುಕಿನಲ್ಲಿ ಎದ್ದು ಜೋಳ ಬೀಸುತ್ತ ಹೇಳಿಕೊಂಡವು. ಆಮೇಲೆ ಗಿರಣಿ ಬಂತು, ರಟ್ಟೆಗೆ ಬಿಡುವು ಸಿಕ್ಕಿತು. ಬೀಸುವುದನ್ನು ಗಿರಣಿಗೆ ಕೊಟ್ಟ ನಾವು ಬಡಿಯುವುದನ್ನು ಇನ್ನೂ ಕೈಯಲ್ಲೇ ಇಟ್ಟುಕೊಂಡಿದ್ದೇವೆ, ಅದಕ್ಕೆ ಕಾರಣವಿದೆ. ಗಿರಾಕಿ ರೊಕ್ಕ ಕೊಡುವುದು ಆ ಬಡಿತಕ್ಕೆ. ಕುದಿಯುವ ಎಸರಿನಲ್ಲಿ ಹಿಟ್ಟು ಕಲಸಿ, ನಾದಿ, ಬಿಸಿ ಇರುವಾಗಲೇ ಬಡಿದು ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆ ಸವರಿ ಬೇಯಿಸಿ, ಒಲೆಯ ಮಗ್ಗುಲಿಗೆ ನಿಲ್ಲಿಸಿದಾಗ ರೊಟ್ಟಿ ಸಮ ಕಡಕ್ಕಾಗುತ್ತದೆ. ಹಿಟ್ಟು ಹಳತಾದರೆ ಜಿಗಿ ಹೋಗಿ ಅಂಚು ಸೀಳುತ್ತದೆ. ನನ್ನ ಮಾತು ಇಷ್ಟು: ರೊಕ್ಕವಿದ್ದರೆ ಮೊದಲು ಸ್ವಂತದ ಸಣ್ಣ ಗಿರಣಿ, ಆಮೇಲೆ ಹಿಟ್ಟು ನಾದುವ ಮಷೀನು. ನಾದಿ ನಾದಿ ಮಣಿಕಟ್ಟು ಹಿಡಿದುಹೋದ ಹೆಣ್ಣುಮಕ್ಕಳನ್ನು ನಾನು ದಿನಾಲು ನೋಡುತ್ತೇನೆ. ಬಡಿಯುವ ಮಷೀನು ಸದ್ಯಕ್ಕೆ ಬೇಡ.

ಹಾಗಾದರೆ ಮೂರು ಪಟ್ಟು ರೊಟ್ಟಿ ಎಲ್ಲಿಂದ? ಓಣಿಯ ಬೇರೆ ಮನೆಗಳ ಒಲೆಗಳಿಂದ. ಮುಂಬಯಿಯ ಗಿರಗಾಂವದಲ್ಲಿ 1959ರಲ್ಲಿ ಏಳು ಜನ ಹೆಣ್ಣುಮಕ್ಕಳು 80 ರೂಪಾಯಿ ಸಾಲ ತಂದು ಶುರುಮಾಡಿದ ಲಿಜ್ಜತ್ ಪಾಪಡ್ ಬೆಳೆದದ್ದು ಹೀಗೆ. ಹಿಟ್ಟು ಕಲಸುವುದು ಒಂದು ಕಡೆ, ಲಟ್ಟಿಸುವುದು ಅವರವರ ಮನೆಯಲ್ಲಿ, ಮರುದಿನ ತಂದು ತೂಗಿ ಕೊಟ್ಟು ಕೂಲಿ ಪಡೆಯುವುದು. ಹಪ್ಪಳದ ಕಣಕವನ್ನು ಮನೆಗೆ ಒಯ್ಯಬಹುದು. ಜೋಳದ್ದು ಬರುವುದಿಲ್ಲ, ಆರಿದರೆ ಕೆಟ್ಟಿತು. ಅದಕ್ಕೆ ನಾವು ಕೊಡುವುದು ತೂಗಿದ ಹೊಸ ಹಿಟ್ಟು, ತಿರುಗಿ ತೆಗೆದುಕೊಳ್ಳುವುದು ಎಣಿಸಿದ ರೊಟ್ಟಿ. ಒಡೆದ ರೊಟ್ಟಿ ಯಾರ ಲೆಕ್ಕಕ್ಕೆ ಎಂಬುದನ್ನು ಮೊದಲ ದಿನವೇ ಮಾತಾಡಿಕೊಳ್ಳಬೇಕು. ಸಾಗಾಟದಲ್ಲಿ ಒಡೆದದ್ದು ನನ್ನದು ಎಂದು ನಾನು ಒಪ್ಪಿಕೊಂಡಿದ್ದೇನೆ. ಅಗಲ, ದಪ್ಪ ನೋಡಲು ಎಲ್ಲ ಮನೆಗೂ ಒಂದೇ ಅಳತೆಯ ತಾಟು.

ಸರ್ಕಾರದ ನೆರವು ಇದೆ, ಆದರೆ ಅದನ್ನು ಸರಿಯಾಗಿ ತಿಳಿದುಕೊಂಡು ಹೋಗಬೇಕು. ಕಿರು ಆಹಾರ ಉದ್ದಿಮೆಗಳಿಗೆಂದು 2020ರಲ್ಲಿ ಕೇಂದ್ರ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ. 35 ಸಬ್ಸಿಡಿ, ಕರ್ನಾಟಕ ತನ್ನ ಪಾಲು ಸೇರಿಸಿ ಅದನ್ನು ಶೇ. 50ಕ್ಕೆ, ಹೆಚ್ಚೆಂದರೆ 15 ಲಕ್ಷಕ್ಕೆ ಏರಿಸಿತು. ಆದರೆ ಅದು ಸಾಲಕ್ಕೆ ಕಟ್ಟಿದ ಸಬ್ಸಿಡಿ. ರೊಕ್ಕ ನಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಇದ್ದು, ಮೂರು ವರ್ಷ ಕಂತು ತಪ್ಪದೆ ನಡೆದರೆ ಸಾಲಕ್ಕೆ ಜಮೆಯಾಗುತ್ತದೆ. ಅದು ಮಷೀನಿಗೆ, ಜೋಳಕ್ಕಲ್ಲ. ಜೋಳಕ್ಕೆ ಬೇಕಾದ ದುಡಿಯುವ ಬಂಡವಾಳಕ್ಕೆ ಅದೇ ಯೋಜನೆಯಲ್ಲಿ ಸ್ವಸಹಾಯ ಸಂಘದ ಸದಸ್ಯೆಗೆ ತಲಾ 40,000ದವರೆಗೆ ಬೀಜಧನ ಇದೆ. ಹತ್ತು ಜನರ ಸಂಘಕ್ಕೆ ನಾಲ್ಕು ಲಕ್ಷ. ನಮ್ಮಂಥವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಭಾಗ ಇದು, ಮಾತಾಡುವವರೇ ಕಡಿಮೆ.

ಉದ್ಯಮ್ ನೋಂದಣಿ ಪುಕ್ಕಟೆ, ಅದನ್ನು ಮಾಡಿಸಿಕೊಂಡೇ ದೊಡ್ಡ ಖರೀದಿದಾರರ ಜೊತೆ ಮಾತಿಗೆ ಕೂರಬೇಕು. 2006ರ ಕಾಯ್ದೆಯ ಪ್ರಕಾರ ಕಿರು, ಸಣ್ಣ ಉದ್ದಿಮೆಗಳಿಗೆ ಬರಬೇಕಾದ ರೊಕ್ಕವನ್ನು ಬರಹದ ಕರಾರು ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. 2023-24ರಿಂದ ಆದಾಯ ತೆರಿಗೆಯಲ್ಲೂ ಹಿಡಿತ ಬಂದಿದೆ: ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ಖರೀದಿದಾರರು ಕೊಟ್ಟ ವರ್ಷವೇ ಖರ್ಚಿಗೆ ಹಾಕಬೇಕು, ಅದಕ್ಕೂ ಮೊದಲು ಹಾಕುವಂತಿಲ್ಲ. ಒಂದು ದೊಡ್ಡ ಅಂಗಡಿಯವರು ನಮ್ಮ ಬಾಕಿಯನ್ನು ಇಂದು ನಾಳೆ ಎನ್ನುತ್ತ ಎಳೆದಿದ್ದರು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಬರೆಯತೊಡಗಿದ ಮೇಲೆ ಅವರ ಲೆಕ್ಕಪತ್ರದವರೇ ಫೋನು ಮಾಡಿ ಚುಕ್ತಾ ಮಾಡಿದರು.

ಸೋಲಾಪುರದವರಿಗೆ ಒಮ್ಮೆಲೇ ಮೂರು ಪಟ್ಟು ಕೊಡಲು ಒಪ್ಪಲಿಲ್ಲ. ಸುಗ್ಗಿಯವರೆಗೆ ಎರಡು ಪಟ್ಟು, ರೊಕ್ಕ ವಾರಕ್ಕೊಮ್ಮೆ ಎಂದೆ. ಹಗ್ಗಜಗ್ಗಾಟದ ನಂತರ ಹತ್ತು ದಿನಕ್ಕೆ ಬಂದು ನಿಂತಿತು. ಹೊಸದಾಗಿ ಸೇರಿದ ಮನೆಗಳ ಬಟವಡೆ ಸಂತೆಯ ದಿನ ಬೆಳಿಗ್ಗೆಯೇ ಆಗಬೇಕು, ಅವರು ಆ ರೊಕ್ಕದಲ್ಲೇ ಸಂತೆ ಮಾಡುವವರು. ಅಂಗಡಿಯಿಂದ ರೊಕ್ಕ ಬರಲಿ ಬಿಡಲಿ, ಎರಡು ವಾರದ ಬಟವಡೆ ಯಾವಾಗಲೂ ಬೇರೆ ಖಾತೆಯಲ್ಲಿ ಇರುತ್ತದೆ. ಅದಕ್ಕೆ ಕೈಹಾಕುವ ಪ್ರಸಂಗ ಬಂದರೆ ಆ ವಾರ ಹೊಸ ಆರ್ಡರ್ ತೆಗೆದುಕೊಳ್ಳುವುದಿಲ್ಲ, ಯಾರೇ ಕೇಳಲಿ.